ನಿಮಗಿದು ಗೊತ್ತೇ? ಮಿರಜಿನ ಸಿತಾರ್, ಹಮಾಮತ್ಸುವಿನ ಕಾರು

ಸಾಂಗ್ಲಿ ಜಿಲ್ಲೆಯ ಮಿರಜಿನ ಸಿತಾರ್ ಅಂಗಡಿಗಳ ಬೀದಿಯಲ್ಲಿ ಸಂಜೆ ಹೊತ್ತು ನಿಂತರೆ ಒಳಗಿನಿಂದ ತಂತಿ ಮೀಟುವ ಸದ್ದು ಬರುತ್ತದೆ, ಹೊರಗೆ ಯಾರದೋ ಹಳೆಯ ಯಮಾಹಾ ಆರ್‌ಎಕ್ಸ್ 100 ಹಾದುಹೋಗುತ್ತದೆ. ಈ ಎರಡು ಸದ್ದುಗಳಿಗೆ ನಂಟಿದೆ ಎಂಬುದು ಗೊತ್ತೇ? ಯಮಾಹಾ ಗುರುತನ್ನು ಹತ್ತಿರದಿಂದ ನೋಡಿ. ವೃತ್ತದೊಳಗೆ ಒಂದನ್ನೊಂದು ಹಾದುಹೋಗುವ ಆ ಮೂರು ಗೆರೆಗಳು ಚಕ್ರದ ಅರೆಗಳಲ್ಲ, ಶ್ರುತಿ ನೋಡಲು ಬಳಸುವ ಮೂರು ಶ್ರುತಿಕವೆಗಳು.

1887ರಲ್ಲಿ ಜಪಾನಿನ ಹಮಾಮತ್ಸು ಊರಿನ ಪ್ರಾಥಮಿಕ ಶಾಲೆಯಲ್ಲಿ ಹೊರದೇಶದಿಂದ ತರಿಸಿದ್ದ ರೀಡ್ ಆರ್ಗನ್ ಒಂದು ಕೆಟ್ಟು ಕೂತಿತು. ರೀಡ್ ಆರ್ಗನ್ ಅಂದರೆ ನಮ್ಮ ಹಾರ್ಮೋನಿಯಂನ ದೊಡ್ಡಣ್ಣ. ಊರಲ್ಲಿ ಅದನ್ನು ಬಲ್ಲವರಿರಲಿಲ್ಲ. ಗಡಿಯಾರ, ವೈದ್ಯಕೀಯ ಉಪಕರಣ ರಿಪೇರಿ ಮಾಡಿ ಗೊತ್ತಿದ್ದ ತೊರಾಕುಸು ಯಮಾಹಾ ಅವರನ್ನು ಕರೆಸಿದರು. ಬಿಚ್ಚಿ ನೋಡಿದ ಮೇಲೆ ಇಂಥದ್ದನ್ನು ತಾನೇ ಮಾಡಬಲ್ಲೆ ಎಂದು ಅವರಿಗೆ ಅನ್ನಿಸಿತು. ಮಾಡಿದ ಆರ್ಗನ್ನನ್ನು ಜೊತೆಗಾರನೊಬ್ಬನೊಂದಿಗೆ ಅಡ್ಡೆಗೆ ಕಟ್ಟಿ ಹೊತ್ತು, ಹಕೋನೆ ಬೆಟ್ಟ ದಾಟಿ, ಸುಮಾರು 250 ಕಿ.ಮೀ. ದೂರದ ಟೋಕಿಯೊಗೆ ಒಯ್ದರು. ಅಲ್ಲಿನ ಸಂಗೀತ ಸಂಸ್ಥೆಯವರು ನುಡಿಸಿ ನೋಡಿ, ಆಕಾರವೇನೋ ಸರಿ, ಶ್ರುತಿ ಸರಿಯಿಲ್ಲ ಅಂದರು. ಯಮಾಹಾ ಅಲ್ಲೇ ಉಳಿದು ಶ್ರುತಿಯ ಪಾಠ ಕಲಿತು, ಊರಿಗೆ ಮರಳಿ ಮತ್ತೆ ಕಟ್ಟಿದರು. ಮುಂದೆ 1955ರಲ್ಲಿ ಮೋಟಾರ್‌ಸೈಕಲ್, ಆಮೇಲೆ ಕಾರಿನ ಎಂಜಿನ್, ಎಲ್ಲದರ ಮೂಲ ಆ ಒಂದು ಶಾಲೆಯ ರಿಪೇರಿ.

ಮಿರಜಿನ ಕಥೆಯೂ ಇದಕ್ಕೆ ದೂರವಲ್ಲ. ಇಲ್ಲಿ ತಂತುವಾದ್ಯ ಮಾಡಲು ಹೊರಟವರು ಮೊದಲು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. ಕತ್ತಿಯ ಕಾಲ ಮುಗಿದಾಗ, 19ನೆಯ ಶತಮಾನದ ನಡುಭಾಗದಲ್ಲಿ, ಫರೀದಸಾಹೇಬರಂಥವರು ಅದೇ ಕೈಚಳಕವನ್ನು ಸೋರೆಬುರುಡೆಗೂ ಮರಕ್ಕೂ ತಿರುಗಿಸಿದರು. ಮಿರಜಿನ ಸಿತಾರ್‌ಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಹೋಂಡಾ, ಸುಜುಕಿ, ಯಮಾಹಾ ಮೂರರ ಬೇರೂ ಅದೇ ಹಮಾಮತ್ಸುವಿನಲ್ಲಿದೆ. ಸುಜುಕಿ 1909ರಲ್ಲಿ ಶುರುವಾದದ್ದು ಮಗ್ಗದ ಕಾರ್ಖಾನೆಯಾಗಿ. ಸೊಯಿಚಿರೊ ಹೋಂಡಾ 1946ರಲ್ಲಿ ಯುದ್ಧ ಮುಗಿದು ಉಳಿದಿದ್ದ ಸಣ್ಣ ಜನರೇಟರ್ ಎಂಜಿನ್ನುಗಳನ್ನು ಸೈಕಲ್ಲಿಗೆ ಕೂರಿಸಿ ಮಾರಿದರು. ಇನ್ನು ಟೊಯೋಟ, ಬೇರೆ ಊರಿನದಾದರೂ ಮಗ್ಗದ ಮನೆಯದೇ. ಸಕಿಚಿ ಟೊಯೋಡಾ ಅವರ ಸ್ವಯಂಚಾಲಿತ ಮಗ್ಗ 1924ರದು. ಸಾಂಗ್ಲಿಯಿಂದ ಇಚಲಕರಂಜಿಗೆ ಹೋದವರಿಗೆ ಮಗ್ಗದ ಸದ್ದು ಹೊಸದಲ್ಲ. ವಾದ್ಯದ ಊರು, ಪಕ್ಕದಲ್ಲೇ ಮಗ್ಗದ ಊರು: ಈ ಸೀಮೆಯ ನಕ್ಷೆ ನೋಡಿದಾಗಲೆಲ್ಲ ನನಗೆ ಹಮಾಮತ್ಸು ನೆನಪಾಗುತ್ತದೆ.

ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಕಿರೀಟದಂಥದ್ದು ಟೊಯೋಟ 2000ಜಿಟಿ. 1967ರಿಂದ 1970ರವರೆಗೆ ಮಾರಾಟಕ್ಕೆಂದು ತಯಾರಾದದ್ದು 337 ಮಾತ್ರ. ಹೆಸರು ಟೊಯೋಟದ್ದು, ಕಟ್ಟಿದ ಕೈ ಯಮಾಹಾದ್ದು. 1988 ಸಿಸಿ, ಆರು ಸಿಲಿಂಡರ್, 150 ಅಶ್ವಶಕ್ತಿ. ಚಾಲಕನ ಮುಂದಿನ ಮರದ ಫಲಕಕ್ಕೆ ಯಮಾಹಾದ ಪಿಯಾನೊ ವಿಭಾಗದ ಮರಗೆಲಸದ ಅನುಭವವೇ ಆಧಾರ. ಅಂಥ ಕಾರಿನ ಫಲಕ ಬಿರುಕು ಬಿಟ್ಟರೆ ಮೆಕ್ಯಾನಿಕ್‌ಗಿಂತ ಮಿರಜಿನ ಸಿತಾರ್ ಕಾರೀಗರನ ಕೈಗೇ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೋಂಡಾದ ಮೊದಲ ಸ್ಪೋರ್ಟ್ಸ್ ಕಾರು, 1963ರ ಎಸ್500, ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದುದು ಬೈಕಿನಂತೆ ಚೈನಿನಿಂದ! ಬಲಕ್ಕೊಂದು, ಎಡಕ್ಕೊಂದು.

ಸಾಂಗ್ಲಿ ಜಿಲ್ಲೆಗೂ ಜಪಾನಿನ ಕಾರಿಗೂ ನೇರ ಸಂಬಂಧವೊಂದಿದೆ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ, ಅಂದರೆ ಹಮಾಮತ್ಸುವಿನ ಆರ್ಗನ್ ರಿಪೇರಿಯಾದ ಮರುವರ್ಷ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ಬಳಿ ಬಂಜರು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದ ಕಿರ್ಲೋಸ್ಕರವಾಡಿ ಇಂದು ಸಾಂಗ್ಲಿ ಜಿಲ್ಲೆಯಲ್ಲಿದೆ. ಅವರ ಮರಿಮಗ ವಿಕ್ರಮ್ ಕಿರ್ಲೋಸ್ಕರ್ ಮುಂದಾಳತ್ವದಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ.

ಹಾಗಿದ್ದೂ ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳು ನಮ್ಮ ರಸ್ತೆಗೆ ಬಂದದ್ದು ತೀರಾ ಕಡಿಮೆ. ಅವು ಜಪಾನಿನಲ್ಲಿ ಮೆರೆಯುತ್ತಿದ್ದ ಕಾಲಕ್ಕೆ ನಮ್ಮ ಆಮದು ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಆ ಆಸೆಯನ್ನು ನಮ್ಮ ಹುಡುಗರಿಗೆ ತೀರಿಸಿದ್ದು ಎರಡು ಚಕ್ರದ ಗಾಡಿಗಳು. ಎಸ್ಕಾರ್ಟ್ಸ್ ಕಂಪನಿ 1983ರಿಂದ ಮಾಡಿದ ರಾಜದೂತ್ 350, ಅಸಲಿಗೆ ಯಮಾಹಾದ ಆರ್‌ಡಿ 350: 347 ಸಿಸಿ, ಎರಡು ಸಿಲಿಂಡರ್, ಆರು ಗೇರು. 1985ರಿಂದ 1996ರವರೆಗಿನ ಆರ್‌ಎಕ್ಸ್ 100: 98 ಸಿಸಿ, 11 ಅಶ್ವಶಕ್ತಿ.

ಈ ಎರಡೂ ಗಾಡಿಗಳ ಎಂಜಿನ್ನಿನ ಬಾಯಲ್ಲಿ ಇರುವುದು ‘ರೀಡ್’ ವಾಲ್ವ್. ಹಾರ್ಮೋನಿಯಂನ ರೀಡ್ ಗಾಳಿಗೆ ನಡುಗಿ ಸ್ವರ ಕೊಡುತ್ತದೆ. ಇಲ್ಲಿನ ತೆಳು ಪತ್ತಿ ಎಂಜಿನ್ ಎಳೆದಾಗ ತೆರೆದು ಪೆಟ್ರೋಲ್-ಗಾಳಿಯನ್ನು ಒಳಗೆ ಬಿಟ್ಟು, ಅದು ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುತ್ತದೆ. ಆರ್ಗನ್ ರಿಪೇರಿಯಿಂದ ಹುಟ್ಟಿದ ಕಂಪನಿಯ ಎಂಜಿನ್ನಿನಲ್ಲೂ ರೀಡ್ ಎಂಬ ಮಾತೇ! ಹಳೆಯ ಆರ್‌ಎಕ್ಸ್ ಕಿಕ್ಕಿಗೆ ಸತಾಯಿಸುತ್ತಿದ್ದರೆ, ಕಾರ್ಬುರೇಟರ್ ಬಾಯಿಂದ ಪೆಟ್ರೋಲ್ ಉಗುಳುತ್ತಿದ್ದರೆ, ಮೊದಲು ಈ ಪತ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸಂದು ಕಾಣಬಾರದು, ಅಂಚು ಮುರಿದಿರಬಾರದು. ಎಷ್ಟೋ ಸಲ ಇದನ್ನು ನೋಡದೆಯೇ ಸಿಲಿಂಡರ್ ಬೋರಿಂಗ್ ಮಾಡಿಸಿಬಿಡುತ್ತಾರೆ. ಒಂದು ಸಲ ಕೊರೆದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ.

ಸಿತಾರಿನ ಕುದುರೆಯ ಮೇಲ್ಮೈ ತಂತಿ ಉಜ್ಜಿ ಉಜ್ಜಿ ಗೆರೆ ಬೀಳುತ್ತದೆ, ನಾದ ಮಂಕಾಗುತ್ತದೆ. ಆಗ ಅದನ್ನು ಅರದಿಂದ ಕೂದಲೆಳೆಯಷ್ಟೇ ಸವರಿ, ಮೀಟಿ, ಕೇಳಿ, ಮತ್ತೆ ಸವರುತ್ತಾರೆ. ಈ ಕೆಲಸಕ್ಕೆ ಜವಾರಿ ಎಂದು ಹೆಸರು. (ನಮ್ಮ ಉತ್ತರ ಕರ್ನಾಟಕದ ಜವಾರಿ ಕೋಳಿ, ಜವಾರಿ ಬೆಳ್ಳುಳ್ಳಿಯ ಜವಾರಿ ಬೇರೆ.) ಕಾರಿನಲ್ಲೂ ಇಂಥ ಕಿವಿಯ ಕೆಲಸ ಇದೆ. 1969ರಲ್ಲಿ ಬಂದ ಡಾಟ್ಸನ್ 240ಝಡ್ ಕಾರಿನಲ್ಲಿ ಎರಡು ಕಾರ್ಬುರೇಟರ್, ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಅದನ್ನು ಸರಿಹೊಂದಿಸಲು ಹಳೆಯ ಮೆಕ್ಯಾನಿಕ್‌ಗಳು ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರ್ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿಯುತ್ತಾರೆ. ‘ಸ್ಸ್’ ಎಂಬ ಸದ್ದು ಎರಡರಲ್ಲೂ ಒಂದೇ ಸ್ಥಾಯಿಗೆ ಬರುವವರೆಗೆ ಸ್ಕ್ರೂ ತಿರುಗಿಸುತ್ತಾರೆ. ಗಾಳಿಯ ಹರಿವನ್ನು ಅಳೆಯುವ ಮೀಟರ್ ಇದೆ, ಆದರೂ ಕಿವಿಯನ್ನು ನಂಬುವವರು ಇಂದಿಗೂ ಇದ್ದಾರೆ. ಈ ಪೈಪಿನ ವಿದ್ಯೆಯನ್ನು ಕಲಿತವರು ಕಲಿಯದವರಿಗೆ ಕೊಟ್ಟುಹೋಗಬೇಕು, ಅದು ಪುಸ್ತಕದಿಂದ ಬರುವುದಿಲ್ಲ.

240ಝಡ್‌ನ ಶತ್ರು ತುಕ್ಕು. ಬ್ಯಾಟರಿ ಕೂರುವ ತಟ್ಟೆ, ಬಾಗಿಲ ಕೆಳಗಿನ ಹೊಸ್ತಿಲು, ಕಾಲಡಿಯ ಚೌಕಟ್ಟು: ಕೊಳ್ಳುವ ಮುನ್ನ ಈ ಮೂರು ಜಾಗಕ್ಕೆ ಟಾರ್ಚ್ ಬಿಡಬೇಕು. ಮೇಲಿನ ಬಣ್ಣ ನೋಡಿ ಮಾರುಹೋದವರು ಕೆಳಗೆ ವೆಲ್ಡಿಂಗ್‌ಗೆ ಕಾಸು ಸುರಿಯುತ್ತಾರೆ.

ಮಾಜ್ದಾ ಆರ್‌ಎಕ್ಸ್-7 ಎಣ್ಣೆ ಕುಡಿದರೆ ಗಾಬರಿ ಬೇಡ. ಅದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರ್ ತಿರುಗುತ್ತದೆ. ಮೂಲೆಗಳ ಸೀಲು ಸವೆಯದಿರಲೆಂದು ಎಂಜಿನ್ ತಾನೇ ಸ್ವಲ್ಪ ಆಯಿಲ್ ಒಳಗೆ ಬಿಟ್ಟುಕೊಂಡು ಸುಡುತ್ತದೆ. ಪೆಟ್ರೋಲ್ ಹಾಕಿಸುವಾಗಲೆಲ್ಲ ಆಯಿಲ್ ಕಡ್ಡಿ ಎತ್ತಿ ನೋಡುವುದು ಅದರ ಒಡೆಯನ ನಿತ್ಯಕರ್ಮ.

ಸಾಂಗ್ಲಿ ಅಂದರೆ ಅರಿಶಿನ, ಅದರ ಜೊತೆಗೇ ಕಬ್ಬು. ಆ ಕಬ್ಬು ಈಗ ಪೆಟ್ರೋಲ್ ಬಂಕಿಗೂ ಬಂದಿದೆ: 100 ಲೀಟರ್ ಪೆಟ್ರೋಲಿನಲ್ಲಿ 20 ಲೀಟರ್ ಎಥೆನಾಲ್. ರೈತನಿಗೆ ಒಳ್ಳೆಯದಾದ ಈ ಬೆರಕೆ ಹಳೆಯ ಗಾಡಿಗೆ ಕಷ್ಟದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಬಿರುಕು ಬಿಡುತ್ತದೆ, ಕಾರ್ಬುರೇಟರ್ ಬಟ್ಟಲಲ್ಲಿ ಬಿಳಿ ಪುಡಿ ಕೂರುತ್ತದೆ. ಇನ್ನೊಂದು ಲೆಕ್ಕ: 1 ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು, ಬೆರಕೆಗೆ ಸುಮಾರು 13.5. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಳೆಯ ಜೆಟ್ಟನ್ನೇ ಉಳಿಸಿಕೊಂಡರೆ ಇಂಧನ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಎಥೆನಾಲ್ ತಾಳುವ ಹೊಸ ಪೈಪು, ಪ್ಲಗ್ಗಿನ ಬಣ್ಣ ನೋಡಿ ಒಂದು ನಂಬರ್ ದೊಡ್ಡ ಜೆಟ್, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಬಟ್ಟಲು ಖಾಲಿ, ಇಷ್ಟು ಮಾಡಿದರೆ ಗಾಡಿ ಬದುಕುತ್ತದೆ.

ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮುಟ್ಟಿತು. ಆ ಪ್ರವಾಹದಲ್ಲಿ ಮನೆ-ಮಾರು, ದನಕರು ಕಳೆದುಕೊಂಡವರ ಮುಂದೆ ಗಾಡಿಯ ಮಾತು ಸಣ್ಣದು. ಆದರೆ ನೀರು ಇಳಿದ ಮೇಲೆ ಅವಸರಕ್ಕೆ ಕೀಲಿ ತಿರುಗಿಸಿದ ಎಂಜಿನ್ ಉಳಿಯುವುದು ಕಷ್ಟ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿ ತಂತಿ ಕಳಚಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಒಂದಲ್ಲ, ಎರಡು ಮೂರು ಸಲ ಬದಲಿಸಬೇಕು. ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ ಹಾಕಿ ರಾತ್ರಿಯಿಡೀ ಹಾಗೇ ಬಿಡಿ.

ಟೈರಿಗೂ ಜಾತಕ ಇದೆ: ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ. 2419 ಎಂದಿದ್ದರೆ 2019ರ 24ನೆಯ ವಾರದ ಟೈರು. ಮೂರು ಸಾವಿರ ಕಿ.ಮೀ. ಕೂಡ ಓಡದ ಟೈರಾದರೂ ಹತ್ತು ವರ್ಷ ದಾಟಿದ್ದರೆ ಹೈವೇಗೆ ಇಳಿಸಬೇಡಿ.

ಬಿಡಿಭಾಗ ಎಲ್ಲಿಂದ? ಹೋಂಡಾ ತನ್ನ ಎನ್‌ಎಸ್‌ಎಕ್ಸ್ ಕಾರನ್ನು ಕಾರ್ಖಾನೆಗೇ ಕರೆಸಿಕೊಂಡು ಹೊಸದರಂತೆ ಮಾಡಿಕೊಡುವ ಸೇವೆಯನ್ನು 1993ರಲ್ಲೇ ಶುರುಮಾಡಿತು. ನಿಸಾನ್ 2017ರಿಂದ ಸ್ಕೈಲೈನ್ ಜಿಟಿ-ಆರ್‌ಗೆ ಹಳೆಯ ಭಾಗಗಳನ್ನು ಮತ್ತೆ ತಯಾರಿಸುತ್ತಿದೆ. ಟೊಯೋಟ 2020ರಲ್ಲಿ 2000ಜಿಟಿ ಮತ್ತು ಸುಪ್ರಾದಿಂದ ಆರಂಭಿಸಿತು. ತೋಫು ತಲುಪಿಸಿ ಬೆಟ್ಟ ಇಳಿಯುವ ಹುಡುಗನ ಕಾಮಿಕ್ಸ್‌ನಿಂದ ಲೋಕಪ್ರಸಿದ್ಧವಾದ ಎಇ86 ಕಾರಿಗೂ ಈಗ ಹೊಸ ಬ್ರೇಕ್ ಕ್ಯಾಲಿಪರ್ ಸಿಗುತ್ತದೆ. ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಅಂಥ ಭಾಗ್ಯವಿಲ್ಲ. ಅವರಿಗೆ ಗುಜರಿ, ಹಳೆ ಸ್ಟಾಕಿನ ಅಂಗಡಿ, ಬೆಂಗಳೂರಿನ ಜೆ.ಸಿ. ರಸ್ತೆಯ ಹುಡುಕಾಟವೇ ಗತಿ. ಸಿಗದಿದ್ದರೆ ಲೇತಿನವನ ಮುಂದೆ ಕೂತು ಮಾಡಿಸಬೇಕು, ಮತ್ತು ಅವನು ಮಾಡುತ್ತಾನೆ ಕೂಡ.

ಕೊನೆಗೆ ಕಾನೂನು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗೆ ‘ವಿಂಟೇಜ್’ ಪಟ್ಟ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೊದಲ ರಾಜದೂತ್ 350ಗಳಿಗೆ ಆ ಪಟ್ಟ 2033ಕ್ಕೆ, ಮೊದಲ ಆರ್‌ಎಕ್ಸ್ 100ಗಳಿಗೆ 2035ಕ್ಕೆ. ಅಲ್ಲಿಯತನಕ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒ ಬಾಗಿಲಿಗೆ ಒಯ್ದು ಓಡಿಸಿ ತೋರಿಸಬೇಕು.