ಅಂಚು ಕರಗಿದ ಚಿತ್ರ

ಬೇಲೂರಿನ ದರ್ಪಣಸುಂದರಿಯನ್ನು ಕಾಣದ ಕನ್ನಡಿಗರು ವಿರಳ. ಚೆನ್ನಕೇಶವ ದೇವಾಲಯದ ಹೊಸ್ತಿಲನ್ನು ಎಂದೂ ತುಳಿಯದವರು ಕೂಡ ಆಕೆಯನ್ನು ಕ್ಯಾಲೆಂಡರಿನಲ್ಲಿಯೋ, ನೃತ್ಯ ಕಾರ್ಯಕ್ರಮದ ಆಮಂತ್ರಣದಲ್ಲಿಯೋ, ಮದುವೆಯ ಕರೆಯೋಲೆಯ ಮೂಲೆಯಲ್ಲಿಯೋ ಕಂಡೇ ಇರುತ್ತಾರೆ. ಕಂಬದ ಬೋದಿಗೆಗೂ ಸೂರಿಗೂ ನಡುವೆ ಬಾಗಿ ನಿಂತ ಈ ಶಿಲಾಬಾಲಿಕೆ, ಕಂಬ ಸೂರುಗಳೆರಡನ್ನೂ ತೊರೆದು ಕಾಗದದ ಮೇಲೆ ಒಂಟಿಯಾಗಿ ಬಂದು ನಿಲ್ಲಬೇಕಾದರೆ, ಯಾರೋ ಒಬ್ಬರು ಆಕೆಯನ್ನು ಛಾಯಾಚಿತ್ರದೊಳಗಿಂದ ಬಿಡಿಸಿ ತೆಗೆದಿರಲೇಬೇಕು. ಆ ಕೆಲಸ ಇಂದು ಗಣಕಯಂತ್ರದ ಪರದೆಯ ಮೇಲೆ ನಡೆಯುತ್ತದೆ. ಅದು ಚೆನ್ನಾಗಿ ನಡೆದರೆ ನೋಡುವವರ ಗಮನಕ್ಕೇ ಬಾರದು. ಕೆಟ್ಟು ನಡೆದರೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಗುವೊಂದು ಕತ್ತರಿಯಿಂದ ಕತ್ತರಿಸಿ ಅಂಟು ಹಚ್ಚಿದಂತೆ ಸುಂದರಿಯ ಸುತ್ತ ಹಲ್ಲುಹಲ್ಲಾದ ಗೆರೆ ಎದ್ದು ಕಾಣುತ್ತದೆ.

ಈ ಹಲ್ಲುಗಳು ಎಲ್ಲಿಂದ ಬಂದವು? ಗಣಕದ ಚಿತ್ರವೆಂದರೆ ಸಣ್ಣಸಣ್ಣ ಚೌಕಗಳ ಒಂದು ಹಾಸು. ಈ ಚೌಕಗಳಿಗೆ ಪಿಕ್ಸೆಲ್ ಎಂದು ಹೆಸರು. ರಂಗೋಲಿಯ ಚುಕ್ಕಿಗಳಂತೆ ಇವು ಸಾಲುಸಾಲಾಗಿ ನಿಂತಿರುತ್ತವೆ. ಒಂದೊಂದು ಚೌಕಕ್ಕೂ ಒಂದೇ ಬಣ್ಣ. ಸುಂದರಿಯ ತೋಳಾದರೋ ಬಳುಕು ಗೆರೆ. ಚೌಕಗಳಲ್ಲಿ ಅದನ್ನು ಹಿಡಿಯಹೊರಟರೆ ಅದು ಮೆಟ್ಟಿಲಾಗದೆ ಗತ್ಯಂತರವಿಲ್ಲ. ಜೊತೆಗೆ, ಕ್ಯಾಮೆರಾದ ಮಸೂರವಾಗಲಿ ನಮ್ಮ ಕಣ್ಣಾಗಲಿ ವಸ್ತುವಿನ ಸುತ್ತ ಗೆರೆಯನ್ನು ಕಾಣುವುದೇ ಇಲ್ಲ. ಅಂಚಿನಲ್ಲಿರುವ ಚೌಕದಲ್ಲಿ ಅರ್ಧ ತೋಳು, ಅರ್ಧ ಹಿನ್ನೆಲೆ ಬೆರೆತಿರುತ್ತವೆ. ಆ ಬೆರಕೆಯನ್ನು ಒಪ್ಪದೆ ‘ಇದು ತೋಳು, ಅದು ಹಿನ್ನೆಲೆ’ ಎಂದು ಗಂಡುಗೊಡಲಿಯಿಂದ ಕಡಿದಂತೆ ಬೇರ್ಪಡಿಸಿದಾಗ ಕಣ್ಣು ಮೋಸವನ್ನು ಕೂಡಲೆ ಹಿಡಿಯುತ್ತದೆ.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಪರಿಹಾರಕ್ಕೆ ಫೆದರ್, ಅಂದರೆ ಹಕ್ಕಿಯ ಗರಿ, ಎಂದು ಹೆಸರು. ಗರಿಯ ನಡುವೆ ದಂಟು ಗಟ್ಟಿ. ತುದಿಗೆ ಹೋದಂತೆ ಎಳೆಗಳು ತೆಳುವಾಗಿ ಗಾಳಿಯಲ್ಲಿಯೇ ಮುಗಿದುಹೋಗುತ್ತವೆ. ಆಯ್ದ ಭಾಗಕ್ಕೆ ಗಣಕವು ಒಂದು ಮರೆಯ ಚಿತ್ರವನ್ನು, ಮಾಸ್ಕ್ ಎಂಬುದನ್ನು, ಸಿದ್ಧಪಡಿಸಿಕೊಳ್ಳುತ್ತದೆ. ಅದರಲ್ಲಿ ಬಿಳುಪೆಂದರೆ ಕಾಣಬೇಕಾದದ್ದು, ಕಪ್ಪೆಂದರೆ ಅಡಗಬೇಕಾದದ್ದು. ಸಾಮಾನ್ಯವಾಗಿ ಇವೆರಡರ ನಡುವೆ 0ಯಿಂದ 255ರ ವರೆಗೆ 256 ಮೆಟ್ಟಿಲುಗಳುಂಟು. ಗರಿಯಂಚು ಮಾಡುವುದೆಂದರೆ ಈ ಮರೆಯ ಚಿತ್ರದ ಗಡಿಯನ್ನು ಕದಡುವುದು. ಗೆರೆ ಎಳೆದಲ್ಲಿ ಚಿತ್ರ ಸುಮಾರು ಅರ್ಧದಷ್ಟು ಕಾಣುತ್ತದೆ, ಒಳಗೆ ಸರಿದಂತೆ ಪೂರ್ತಿಯಾಗುತ್ತದೆ, ಹೊರಗೆ ಸರಿದಂತೆ ಹೊಗೆಯಾಗಿ ಹೋಗುತ್ತದೆ. ಹೀಗೆ ಕದಡುವುದಕ್ಕೆ ಬಳಸುವ ಗಂಟೆಯಾಕಾರದ ವಕ್ರರೇಖೆಗೆ ಜರ್ಮನಿಯ ಗಣಿತಜ್ಞ ಗೌಸ್‌ನ ಹೆಸರಿದೆ. 1855ರಲ್ಲಿ ತೀರಿಕೊಂಡ ಆ ಮಹಾಶಯನಿಗೆ ತನ್ನ ಲೆಕ್ಕವು ಬೇಲೂರಿನ ಚೆಲುವೆಯ ತೋಳನ್ನು ನುಣುಪಾಗಿಸೀತೆಂಬ ಕಲ್ಪನೆ ಕನಸಿನಲ್ಲಿಯೂ ಇದ್ದಿರಲಾರದು!

ಹೆಸರು ಹೊಸತಾದರೂ ವಿದ್ಯೆ ಹಳೆಯದು. ಇಟಲಿಯ ಲಿಯೊನಾರ್ಡೊ ಡ ವಿಂಚಿ ತನ್ನ ಚಿತ್ರಗಳಲ್ಲಿ ತುಟಿಯ ಕೊನೆ, ಕಣ್ಣಿನ ಕೊನೆಗಳಿಗೆ ಗೆರೆ ಎಳೆಯದೆ ನೆರಳಿನಲ್ಲಿ ಕರಗಿಸಿಬಿಡುತ್ತಿದ್ದ. ಆ ಬಗೆಗೆ ಅಲ್ಲಿನವರು ಇಟ್ಟ ಹೆಸರಿಗೆ ಮೂಲ ಹೊಗೆ ಎಂಬ ಶಬ್ದವೇ. ನಮ್ಮ ನಾಡಿನಲ್ಲಿಯೂ, 1886ರಲ್ಲಿ ಹುಟ್ಟಿದ ಕಲಾವಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಬಣ್ಣ ಹಚ್ಚಿದ ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ ಅಂಚುಗಳನ್ನು ಮಂಜಿನಂತೆ ಮಾಡುವ ‘ವಾಷ್’ ಪದ್ಧತಿ ಬೆಳೆದು ಪ್ರಸಿದ್ಧವಾದದ್ದು ಆ ಗುರುಗಳ ಬಳಗದಲ್ಲಿಯೇ.

ಅಷ್ಟು ದೂರವೇಕೆ, ಅಜ್ಜನ ಮನೆಯ ಪಡಸಾಲೆಯ ಗೋಡೆಯನ್ನೇ ನೋಡಬಹುದು. ಜರಿಪೇಟ ಧರಿಸಿದ ಹಿರಿಯರ ಮುಖ ಮತ್ತು ಹೆಗಲು ಅಂಡಾಕಾರದ ಬೆಳಕಿನಲ್ಲಿ ಮೂಡಿ, ಎದೆಯ ಕೆಳಗೆ ಬಿಳಿಯ ಕಾಗದದಲ್ಲಿ ಮೆಲ್ಲನೆ ಮರೆಯಾಗುವ ಭಾವಚಿತ್ರಗಳು ಎಷ್ಟು ಮನೆಗಳಲ್ಲಿಲ್ಲ! ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ರಟ್ಟಿನ ನಡುವೆ ಮೊಟ್ಟೆಯಾಕಾರದ ತೂತು ಕೊರೆದು, ಬೆಳಕು ಬೀಳುತ್ತಿದ್ದಷ್ಟು ಹೊತ್ತೂ ಆ ರಟ್ಟನ್ನು ಮಸೂರಕ್ಕೂ ಕಾಗದಕ್ಕೂ ನಡುವೆ ಮೇಲೆ ಕೆಳಗೆ ಆಡಿಸುತ್ತಿದ್ದರು. ಕೈ ನಿಂತರೆ ಗೆರೆ ಬಿತ್ತು, ಕಾಗದ ವ್ಯರ್ಥ. ಎಷ್ಟು ಎತ್ತರ, ಎಷ್ಟು ಹೊತ್ತು ಎಂಬುದು ಕೈಯ ಅಭ್ಯಾಸಕ್ಕೆ ಮಾತ್ರ ಗೊತ್ತಿದ್ದ ಲೆಕ್ಕ. ಇಂದು ಗರಿಯಂಚಿನ ಅಳತೆಯನ್ನು ಅಂಕಿಯಲ್ಲಿ ಬರೆದು ಗುಂಡಿ ಒತ್ತುವವರಿಗೆ ಅಂಥ ಪ್ರಯಾಸವಿಲ್ಲ. ತಪ್ಪಿದರೆ ಹಿಂದಿರುಗುವ ಸೌಲಭ್ಯವೂ ಉಂಟು.

ಕತ್ತಲೆ ಕೋಣೆಗೂ ಗಣಕಕ್ಕೂ ನಂಟು ಗಾಢವಾದದ್ದು. ಫೋಟೋಶಾಪ್ ತಂತ್ರಾಂಶವನ್ನು ರಚಿಸಿದ ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಸಹೋದರರ ತಂದೆ ಛಾಯಾಚಿತ್ರದ ಹವ್ಯಾಸಿ. ಮನೆಯಲ್ಲಿಯೇ ಕತ್ತಲೆ ಕೋಣೆ ಇಟ್ಟುಕೊಂಡಿದ್ದವರು. ಅಡೋಬಿ ಸಂಸ್ಥೆ ಅದನ್ನು ಮಾರಾಟಕ್ಕೆ ತಂದದ್ದು 1990ರಲ್ಲಿ. ಅರೆಪಾರದರ್ಶಕ ಅಂಚುಳ್ಳ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಗಣಿತವನ್ನು ಪೋರ್ಟರ್ ಮತ್ತು ಡಫ್ ಎಂಬಿಬ್ಬರು 1984ರಲ್ಲಿಯೇ ಪ್ರಕಟಿಸಿದ್ದರು. ಹಣ ಕೊಡಲಾಗದವರಿಗೆ, 1996ರಲ್ಲಿ ಹೊರಬಂದ ಗಿಂಪ್ ಎಂಬ ಉಚಿತ ತಂತ್ರಾಂಶವೂ ಇದೇ ಕೆಲಸವನ್ನು ಮಾಡಿಕೊಡುತ್ತದೆ.

ಇನ್ನು ಬೇಲೂರಿಗೆ ಮರಳಿದರೆ, ಇಲ್ಲಿ ಗರಿಯಂಚಿಗೆ ನಿಜವಾದ ಪರೀಕ್ಷೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಈ ಗುಡಿಯ ಶಿಲ್ಪಗಳ ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತುವಾಗಿದ್ದು ಗಾಳಿಗೆ ಒಡ್ಡಿದಂತೆ ಗಡುಸಾಗುವಂಥದು. ಆದ್ದರಿಂದಲೇ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದವರು ಮದನಿಕೆಯರ ತಲೆಯ ಮೇಲಿನ ಬಳ್ಳಿಚಪ್ಪರವನ್ನು ಎಲೆ ಎಲೆಯಾಗಿ ಬಿಡಿಸಿ, ಹಾರಗಳ ಹಿಂದೆ ಬೆಳಕು ಸುಳಿಯುವಂತೆ ಕೊರೆದು, ತಮ್ಮ ಹೆಸರನ್ನೂ ಕೆತ್ತಿ ಹೋದರು. ಅಂಚನ್ನು ಹರಿತಗೊಳಿಸುವುದೇ ಅವರ ಹಿರಿಮೆ. ಕೈಯಿಟ್ಟವನು ದೊಡ್ಡ ಅಳತೆಯ ಗರಿಯಂಚು ಹಚ್ಚಿದನೆಂದರೆ, ಉಳಿಯಿಂದ ಬಿಡಿಸಿದ ಎಲೆಗಳೆಲ್ಲ ಒಂದೇ ಬೂದುಮೋಡವಾಗಿ ಕೂಡಿಬಿಡುತ್ತವೆ. ಭಾವಚಿತ್ರಕ್ಕೆ ಉದಾರವಾಗಿರಬಹುದು; ಶಿಲ್ಪಕ್ಕೆ ಜಿಪುಣತನವೇ ಲೇಸು.

ಇನ್ನೊಂದು ತೊಡಕುಂಟು. ಸೂರಿನ ಕೆಳಗೆ ಕತ್ತಲು; ಆ ಕತ್ತಲಿನ ಹಿನ್ನೆಲೆಯಿಂದ ತೆಗೆದ ಸುಂದರಿಯನ್ನು ಬಿಳಿಯ ಹಾಳೆಯ ಮೇಲಿಟ್ಟರೆ, ಮೃದುವಾದ ಅಂಚಿನೊಂದಿಗೆ ಹಳೆಯ ಕತ್ತಲೂ ಅಂಟಿ ಬಂದು ಸುತ್ತ ಕಾಡಿಗೆ ತೀಡಿದಂತಾಗುತ್ತದೆ. ಅನುಭವಸ್ಥರು ಮೊದಲು ಗಡಿಯನ್ನು ಒಂದೆರಡು ಪಿಕ್ಸೆಲ್ ಒಳಗೆ ಸರಿಸಿಕೊಂಡು ಆಮೇಲೆ ಮೃದುಗೊಳಿಸುತ್ತಾರೆ. ಅಳತೆಯ ವಿಚಾರದಲ್ಲಿಯೂ ಎಚ್ಚರ ಬೇಕು: 600 ಪಿಕ್ಸೆಲ್ ಅಗಲದ ಚಿತ್ರದಲ್ಲಿ 10 ಪಿಕ್ಸೆಲ್ ಎಂದರೆ ಅರುವತ್ತರಲ್ಲೊಂದು ಪಾಲು, ಅಂಚು ಮಸುಕೇ ಮಸುಕು. ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಅಚ್ಚಾಗುವ ಚಿತ್ರದಲ್ಲಿ ಅದೇ 10 ಪಿಕ್ಸೆಲ್ ಒಂದು ಮಿಲಿಮೀಟರಿಗೂ ಕಡಿಮೆ. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಮುದ್ರಣದಲ್ಲಿ ಕೈಕೊಡುವುದಕ್ಕೆ ಇದೇ ಕಾರಣ. ಹಿನ್ನೆಲೆಯನ್ನು ಅಳಿಸಿಹಾಕುವುದಕ್ಕಿಂತ ಮಾಸ್ಕ್‌ನಿಂದ ಮರೆಮಾಡುವುದು ಕ್ಷೇಮ. ಅಳಿಸಿದ್ದು ಹೋಯಿತು, ಮರೆಮಾಡಿದ್ದು ಬೇಕೆಂದಾಗ ಬರುತ್ತದೆ. ಜೆಪೆಗ್ ಮಾದರಿಯಲ್ಲಿ ಕಾಪಿಟ್ಟರೆ ಪಾರದರ್ಶಕತೆ ಉಳಿಯದು, ಪಿಎನ್‌ಜಿ ಬೇಕು.

ಅಲಂಕಾರಕ್ಕೆ ಸಲ್ಲುವ ಈ ಕೌಶಲ ದಾಖಲೆಗೆ ಸಲ್ಲದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಮುರಿದ ಬೆರಳಿನ ಅಂಚನ್ನು ಮೋಡದಲ್ಲಿ ಮುಚ್ಚಿದ ಚಿತ್ರವನ್ನು ಮುಂದೊಂದು ದಿನ ಯಾರಾದರೂ ಶಿಲ್ಪದ ಸ್ಥಿತಿಗೆ ಸಾಕ್ಷಿಯೆಂದು ನಂಬಿದರೆ, ಇಂದಿನ ಸವೆತಕ್ಕೂ ನಾಳೆಯ ಸವೆತಕ್ಕೂ ವ್ಯತ್ಯಾಸ ತಿಳಿಯುವ ದಾರಿಯೇ ಮುಚ್ಚಿದಂತೆ.

ಸ್ಟುಡಿಯೋಗಳಿಗೆ ಬರುವ ಅತ್ಯಂತ ನಾಜೂಕಾದ ಬೇಡಿಕೆಯಾದರೋ ಶಿಲೆಯದಲ್ಲ. ಮಗಳ ಮದುವೆಯ ಗುಂಪುಚಿತ್ರದಲ್ಲಿ, ಅಷ್ಟರೊಳಗೆ ತೀರಿಕೊಂಡ ತಂದೆಯನ್ನೂ ನಿಲ್ಲಿಸಿಕೊಡಿರೆಂದು ಕೇಳುವವರಿದ್ದಾರೆ. ಯಾವುದೋ ಹಳೆಯ ಚಿತ್ರದಿಂದ ಅವರನ್ನು ಬಿಡಿಸಿ ತರಬೇಕು. ಕೋಟಿನ ಭುಜಕ್ಕೆ ಒಂದು ಪಿಕ್ಸೆಲ್ ಮೃದುತ್ವ ಸಾಕು. ಕಿವಿಯ ಬಳಿಯ ನರೆಗೂದಲಿಗೆ ಯಾವ ಒಂದು ಅಂಕಿಯೂ ಒಪ್ಪದು, ಎಳೆ ಎಳೆಯಾಗಿ ಕುಂಚದಿಂದ ತೀಡಬೇಕು. ಅಂಚು ಎಷ್ಟೇ ಕರಗಿದರೂ, ಆ ಹಳೆಯ ಚಿತ್ರದಲ್ಲಿ ಬೆಳಕು ಎಡದಿಂದ ಬಿದ್ದು ಮದುವೆಯ ಮಂಟಪದಲ್ಲಿ ಬಲದಿಂದ ಬಿದ್ದಿದ್ದರೆ ತಂದೆ ಬೇರೆಯಾಗಿಯೇ ನಿಲ್ಲುತ್ತಾರೆ. ಆದಕಾರಣ ನುರಿತ ಕೆಲಸಗಾರರು ಹಣದ ಮಾತಿಗೂ ಮೊದಲು ಮನೆಯಲ್ಲಿರುವ ಎಲ್ಲ ಹಳೆಯ ಚಿತ್ರಗಳನ್ನೂ ತರಹೇಳಿ, ಮುಖದ ಯಾವ ಬದಿಯಲ್ಲಿ ನೆರಳಿದೆಯೆಂದು ಒಂದೊಂದನ್ನೇ ನೋಡುತ್ತಾರೆ.