ಮೆಜೆಸ್ಟಿಕ್‌ನಿಂದ ಕೆಂಗೇರಿವರೆಗೆ: ಒಂದು ಅಣುಬಾಂಬಿನ ಅಳತೆ

ಬೆಂಗಳೂರಿನ ಮೇಲೆ ಒಂದು ಅಣುಬಾಂಬು ಸಿಡಿದರೆ ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕ ಕಾಗದಕ್ಕೆ ಇಳಿದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನಿನಲ್ಲಿ, ಪಾಕಿಸ್ತಾನ ಚಾಗೈಯಲ್ಲಿ ಅಣುಪರೀಕ್ಷೆ ನಡೆಸಿದವು. ಅದಾದ ಕೆಲವು ವರ್ಷಗಳಲ್ಲಿ ಮ್ಯಾಥ್ಯೂ ಮೆಕಿನ್ಜಿ, ಜಿಯಾ ಮಿಯಾನ್, ಎ.ಎಚ್. ನಯ್ಯರ್ ಮತ್ತು ಎಂ.ವಿ. ರಮಣ ಎಂಬ ನಾಲ್ವರು ವಿಜ್ಞಾನಿಗಳು ಎರಡೂ ದೇಶಗಳ ಐದೈದು ನಗರಗಳನ್ನು ಆರಿಸಿಕೊಂಡು, ಹಿರೋಶಿಮಾದಲ್ಲಿ ಆದದ್ದು ಅಲ್ಲಿ ಆದರೆ ಏನಾದೀತು ಎಂದು ಲೆಕ್ಕ ಹಾಕಿದರು. ಭಾರತದ ಐದರಲ್ಲಿ ಬೆಂಗಳೂರೂ ಇತ್ತು. ಸ್ಫೋಟದ ಕೇಂದ್ರದಿಂದ 5 ಕಿ.ಮೀ. ಒಳಗೆ ಸುಮಾರು 30.8 ಲಕ್ಷ ಜನ; ಅವರಲ್ಲಿ ಸುಮಾರು 3.15 ಲಕ್ಷ ಸಾವು, 1.75 ಲಕ್ಷ ಜನರಿಗೆ ತೀವ್ರ ಗಾಯ, 4.11 ಲಕ್ಷ ಜನರಿಗೆ ಸಣ್ಣಪುಟ್ಟ ಗಾಯ. ಇದು ಹಳೆಯ ಬೆಂಗಳೂರಿನ ಲೆಕ್ಕ. 2001ರ ಜನಗಣತಿಯಲ್ಲಿ 57 ಲಕ್ಷವಿದ್ದ ನಗರ ಪ್ರದೇಶದ ಜನಸಂಖ್ಯೆ 2011ಕ್ಕೇ 85 ಲಕ್ಷವಾಗಿತ್ತು. ಆಮೇಲೆ ನಗರ ಎಷ್ಟು ಉಬ್ಬಿದೆ ಎಂಬುದು ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತವರಿಗೆಲ್ಲ ಗೊತ್ತು.

1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಶಿಮಾದ ಮೇಲೆ ಸಿಡಿದ ಬಾಂಬಿನ ಬಲ ಸುಮಾರು 15 ಕಿಲೋಟನ್, ಎಂದರೆ 15,000 ಟನ್ ಟಿಎನ್‌ಟಿ ಸಿಡಿಮದ್ದಿಗೆ ಸಮ. ಅದು ನೆಲಕ್ಕೆ ಬೀಳಲಿಲ್ಲ; ಸುಮಾರು 600 ಮೀಟರ್ ಮೇಲೆಯೇ ಸಿಡಿಯಿತು. ಹಾಗೆ ಸಿಡಿಸಿದರೆ ಹೊಡೆತ ಹೆಚ್ಚು ದೂರ ಹರಡುತ್ತದೆ. ಇಂಥ ಸ್ಫೋಟದ ಶಕ್ತಿಯಲ್ಲಿ ಸುಮಾರು ಅರ್ಧ ಗಾಳಿಯ ಹೊಡೆತವಾಗಿ, ಮೂರನೇ ಒಂದು ಭಾಗಕ್ಕೂ ತುಸು ಹೆಚ್ಚು ಶಾಖವಾಗಿ, ಉಳಿದ ಶೇ. 15ರಷ್ಟು ವಿಕಿರಣವಾಗಿ ಹೊರಬೀಳುತ್ತದೆ. ಅಣುಬಾಂಬು ಎಂದೊಡನೆ ಜನ ಹೆದರುವುದು ವಿಕಿರಣಕ್ಕೆ. ಆದರೆ ಮೊದಲ ದಿನ ಕೊಲ್ಲುವ ಕೆಲಸವನ್ನು ಬಹುಮಟ್ಟಿಗೆ ಬೆಂಕಿ, ಗಾಳಿ, ಕುಸಿದ ಗೋಡೆಗಳೇ ಮುಗಿಸಿರುತ್ತವೆ.

ಬಾಂಬು ಎಲ್ಲಿ ಸಿಡಿದೀತು ಎಂದು ಯಾರೂ ಹೇಳಲಾರರು, ಆದರೆ ಅಳತೆಗೆ ಒಂದು ಗೂಟ ಬೇಕು. ಪಶ್ಚಿಮ ಬೆಂಗಳೂರಿನವರು ದೂರ ಎಣಿಸುವುದು ಮೆಜೆಸ್ಟಿಕ್‌ನಿಂದ. ಇಲ್ಲಿಯೂ ಗೂಟ ಅಲ್ಲೇ ಇರಲಿ. ಅಲ್ಲಿಂದ ನೇರ ಗೆರೆ ಎಳೆದರೆ ಮಾಗಡಿ ರಸ್ತೆ ಮೆಟ್ರೊ ನಿಲ್ದಾಣ 2 ಕಿ.ಮೀ.ಗೂ ಒಳಗೆ, ರಾಜಾಜಿನಗರದ ಭಾಷ್ಯಂ ಸರ್ಕಲ್ ಸುಮಾರು ಎರಡೂವರೆ, ನವರಂಗ್ ಮೂರು ಚಿಲ್ಲರೆ, ಬಸವೇಶ್ವರನಗರದ ಹಾವನೂರು ಸರ್ಕಲ್ ಮೂರೂವರೆ, ವಿಜಯನಗರ ಮೆಟ್ರೊ ನಾಲ್ಕರ ಹತ್ತಿರ, ನಾಯಂಡಹಳ್ಳಿ ಆರೂವರೆ, ಕೆಂಗೇರಿ ಹನ್ನೊಂದರ ಆಚೆ.

ಬೆಂಕಿಯ ಉಂಡೆಯ ಕೆಳಗಿನ ಒಂದು ಕಿ.ಮೀ. ಒಳಗೆ ವಿವರಿಸುವಂಥದ್ದು ಹೆಚ್ಚೇನಿಲ್ಲ. ಹಿರೋಶಿಮಾದಲ್ಲಿ ಸ್ಫೋಟದ ನೇರ ಕೆಳಗಿನ ನೆಲದ ಶಾಖ 3,000 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಸ್ ನಿಲ್ದಾಣ, ರೈಲು ನಿಲ್ದಾಣ, ಗಾಂಧಿನಗರ ಈ ವೃತ್ತದೊಳಗೆ ಬರುತ್ತವೆ. ಗಟ್ಟಿ ಕಾಂಕ್ರೀಟ್ ಕಟ್ಟಡಗಳ ಅಸ್ಥಿಪಂಜರ ನಿಂತರೂ ಒಳಗೆ ಜೀವ ಉಳಿಯುವುದು ಅಪರೂಪ. ಸ್ಫೋಟದ ಕ್ಷಣದಲ್ಲೇ ಚಿಮ್ಮುವ ಮಾರಕ ವಿಕಿರಣವೂ ಹೆಚ್ಚುಕಡಿಮೆ ಇಷ್ಟೇ ದೂರಕ್ಕೆ, ಒಂದೂಕಾಲು ಕಿ.ಮೀ.ಗೆ, ಮುಗಿಯುತ್ತದೆ.

ಸುಮಾರು 1.7 ಕಿ.ಮೀ.ವರೆಗೆ ಗಾಳಿಯ ಹೊಡೆತದ ಹೆಚ್ಚುವರಿ ಒತ್ತಡ ಪ್ರತಿ ಚದರ ಅಡಿಗೆ 325 ಕಿಲೋ ಮೀರಿರುತ್ತದೆ. ಸಾಮಾನ್ಯ ಇಟ್ಟಿಗೆ ಮನೆ ಕುಸಿಯಲು ಅಷ್ಟು ಸಾಕು. ಓಕಳಿಪುರ, ಬಿನ್ನಿಪೇಟೆಯ ಬಹುಭಾಗ ಈ ಗೆರೆಯ ಒಳಗೆ ಅಥವಾ ಅಂಚಿನಲ್ಲಿ ಸಿಗುತ್ತದೆ. ಬಯಲಲ್ಲಿದ್ದವರ ಚರ್ಮವನ್ನು ಆಳದವರೆಗೆ ಸುಡುವ ಶಾಖ ಎರಡು ಕಿ.ಮೀ.ವರೆಗೂ ಮುಟ್ಟುತ್ತದೆ. ಶಾಖ ಬರುವುದು ಬೆಳಕಿನ ವೇಗದಲ್ಲಿ, ಬೆಳಕಿನಂತೆಯೇ ನೇರವಾಗಿ. ಹಾಗಾಗಿ ಶ್ರೀರಾಮಪುರದ ಒಂದೇ ಬೀದಿಯಲ್ಲಿ ಗೋಡೆಯ ನೆರಳಲ್ಲಿದ್ದವನು ಸುಡದೆ ಉಳಿದು, ನಾಲ್ಕು ಹೆಜ್ಜೆ ಆಚೆ ಬಿಸಿಲಿಗೆ ನಿಂತವನು ಸುಟ್ಟುಹೋಗಬಹುದು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಥೆ ಬೇರೆ. ಇಲ್ಲಿನ ಆರ್‌ಸಿಸಿ ಮನೆಗಳು ಬಹುಪಾಲು ನಿಲ್ಲುತ್ತವೆ. ನಿಲ್ಲದಿರುವುದು ಕಿಟಕಿ, ಬಾಗಿಲು, ಕಲ್ನಾರು ಶೀಟು, ಹಂಚು, ತಾರಸಿಯ ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರಿನ ಗಾಜಿನ ಕೊಳವೆ. ಮಿಂಚು ಕಂಡ ಮೇಲೆ ಗುಡುಗು ಕೇಳುವಂತೆ ಬೆಳಕು ಮೊದಲು, ಹೊಡೆತ ಆಮೇಲೆ. ವಿಜಯನಗರಕ್ಕೆ ಅದು ತಲುಪಲು ಹತ್ತು ಸೆಕೆಂಡಿನಷ್ಟು ಬೇಕು, ಕೆಂಗೇರಿಗೆ ಅರ್ಧ ನಿಮಿಷ. ಅಪಾಯ ಅಡಗಿರುವುದು ಈ ಬಿಡುವಿನಲ್ಲೇ, ಏಕೆಂದರೆ ಏನಾಯಿತೆಂದು ನೋಡಲು ಮನುಷ್ಯ ಓಡುವುದು ಕಿಟಕಿಗೆ. 2013ರ ಫೆಬ್ರುವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆಯೊಂದು ಸಿಡಿದಾಗ ಗಾಯಗೊಂಡವರು ಸುಮಾರು 1,500 ಮಂದಿ. ಹೆಚ್ಚಿನವರಿಗೆ ತಗುಲಿದ್ದು ಗಾಜು. ಬೆಳಕು ಕಂಡು ಕಿಟಕಿಯ ಬಳಿ ನಿಂತವರು ಅವರು. ಡಾ. ರಾಜ್‌ಕುಮಾರ್ ರಸ್ತೆಯ ಗಾಜಿನ ಗೋಡೆಯ ಕಟ್ಟಡಗಳು ಇಂಥ ಹೊತ್ತಿನಲ್ಲಿ ಕೆಳಗಿನ ರಸ್ತೆಗೆ ಚೂರುಗಳ ಮಳೆ ಸುರಿಸುತ್ತವೆ.

ಬಾಂಬಿನ ಬಲ ಹೆಚ್ಚಿದಂತೆ ಈ ಗೆರೆಗಳು ಪಶ್ಚಿಮಕ್ಕೆ ಸರಿಯುತ್ತವೆ, ಆದರೆ ಅದೇ ಪ್ರಮಾಣದಲ್ಲಲ್ಲ. ಬಲ ಎಂಟು ಪಟ್ಟಾದರೆ ಹೊಡೆತದ ದೂರ ಎರಡು ಪಟ್ಟು. 100 ಕಿಲೋಟನ್ನಿನ ಬಾಂಬಾದರೆ ಮನೆ ಕುಸಿಯುವ ಗೆರೆ ಮೂರೂಕಾಲು ಕಿ.ಮೀ.ವರೆಗೆ ಬರುತ್ತದೆ: ಭಾಷ್ಯಂ ಸರ್ಕಲ್, ರಾಜಾಜಿನಗರದ ರಾಮಮಂದಿರ, ನವರಂಗ್ ಒಳಗೆ; ಹಾವನೂರು ಸರ್ಕಲ್ ಅಂಚಿನಲ್ಲಿ. ಆಳದ ಸುಟ್ಟಗಾಯದ ಗೆರೆ ವಿಜಯನಗರವನ್ನೂ ದಾಟುತ್ತದೆ. ಕೆಂಗೇರಿಯ ಪಾಲಿಗೆ ಆಗಲೂ ಹೆಚ್ಚೆಂದರೆ ಒಡೆದ ಗಾಜು.

ಬೆಂಕಿಯ ಲೆಕ್ಕ ಇಷ್ಟು ಸಲೀಸಲ್ಲ. ಹಿರೋಶಿಮಾದಲ್ಲಿ ಅರ್ಧ ಗಂಟೆಯೊಳಗೆ ಅಲ್ಲಲ್ಲಿ ಹೊತ್ತಿದ ಬೆಂಕಿಗಳು ಕೂಡಿಕೊಂಡು, ಸುತ್ತಲಿನ ಗಾಳಿಯನ್ನೇ ಒಳಗೆ ಎಳೆಯುವ ಬೆಂಕಿಯ ಬಿರುಗಾಳಿಯಾಗಿ, ಸುಮಾರು 11 ಚದರ ಕಿ.ಮೀ. ಬೂದಿ ಮಾಡಿದವು. ಮೂರು ದಿನದ ನಂತರ ಇನ್ನೂ ಬಲವಾದ ಬಾಂಬು ಸಿಡಿದ ನಾಗಸಾಕಿಯಲ್ಲಿ ಹಾಗಾಗಲಿಲ್ಲ. ಅಲ್ಲಿನ ಗುಡ್ಡಗಳು ತಡೆದವು. ಬೆಂಗಳೂರು ಮರದ ಮನೆಗಳ ಊರಲ್ಲ ಎಂಬುದು ಒಂದು ಅನುಕೂಲ. ಆದರೆ ಮೆಜೆಸ್ಟಿಕ್‌ಗೆ ತಾಗಿಕೊಂಡೇ ಚಿಕ್ಕಪೇಟೆಯ ಬಟ್ಟೆ, ಅವೆನ್ಯೂ ರಸ್ತೆಯ ಕಾಗದ, ಮಾಮೂಲುಪೇಟೆಯ ಪ್ಲಾಸ್ಟಿಕ್ ರಾಶಿ ಇವೆ. ಪಶ್ಚಿಮದ ಪ್ರತಿ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರು, ಪ್ರತಿ ಗೇಟಿನೊಳಗೆ ಪೆಟ್ರೋಲು ತುಂಬಿದ ಸ್ಕೂಟರು. ಬೆಂಕಿ ಆರಿಸಲು ನೀರಿನ ಲಾರಿ ಬರಬೇಕಾದ ರಸ್ತೆಯಲ್ಲಿ ಕಲ್ಲುಮಣ್ಣು, ವಿದ್ಯುತ್ ತಂತಿ, ಬಿಟ್ಟುಹೋದ ವಾಹನ.

ವಿಕಿರಣದ ಎರಡನೆಯ ರೂಪ ಬೂದಿ. ಬಾಂಬು ಎತ್ತರದಲ್ಲಿ ಸಿಡಿದರೆ ಇದು ಕಡಿಮೆ. ನೆಲ ಮುಟ್ಟಿ ಸಿಡಿದರೆ ಸಾವಿರಾರು ಟನ್ ಮಣ್ಣು ಮೋಡಕ್ಕೇರಿ, ವಿಕಿರಣ ಅಂಟಿಸಿಕೊಂಡು, ಗಾಳಿ ಬೀಸಿದ ದಿಕ್ಕಿಗೆ ಉದುರುತ್ತದೆ. ಬೆಂಗಳೂರಿನ ಮಟ್ಟಿಗೆ ಇಲ್ಲಿ ತಿಂಗಳು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ; ಬೂದಿ ವೈಟ್‌ಫೀಲ್ಡ್, ಕೋಲಾರದ ಕಡೆಗೆ ಸಾಗುವುದೇ ಹೆಚ್ಚು. ಹಿಂಗಾರಿನಲ್ಲೂ ಚಳಿಗಾಲದಲ್ಲೂ ಗಾಳಿ ತಿರುಗಿ ಪೂರ್ವದಿಂದ ಬೀಸುತ್ತದೆ. ಆಗ ಅದು ಇಳಿಯುವುದು ರಾಜಾಜಿನಗರ, ವಿಜಯನಗರ, ಕೆಂಗೇರಿ, ಮುಂದಕ್ಕೆ ಮಾಗಡಿ, ರಾಮನಗರದ ರಾಗಿ ಹೊಲಗಳ ಮೇಲೆ. ಮೋಡ ಹಲವು ಕಿ.ಮೀ. ಎತ್ತರಕ್ಕೆ ಏರುವುದರಿಂದ ಮರದ ಎಲೆ ಅಲುಗುವ ದಿಕ್ಕನ್ನಷ್ಟೇ ನೋಡಿ ನಿರ್ಧರಿಸುವಂತಿಲ್ಲ. ಮೇಲಿನ ಗಾಳಿಯ ದಿಕ್ಕು ಬೇರೆಯಿರಬಹುದು.

ಬೂದಿಯ ಒಂದು ಗುಣ ಬದುಕುಳಿದವರ ಪರವಾಗಿದೆ: ಅದರ ಕಾವು ಬೇಗ ಇಳಿಯುತ್ತದೆ. ಸ್ಫೋಟದ ಒಂದು ಗಂಟೆಯ ನಂತರ ವಿಕಿರಣದ ಮಟ್ಟ 100 ಎಂದಿಟ್ಟುಕೊಂಡರೆ ಏಳು ಗಂಟೆಗೆ 10, ಎರಡು ದಿನಕ್ಕೆ 1, ಎರಡು ವಾರಕ್ಕೆ ಅದರ ಹತ್ತನೇ ಒಂದು ಭಾಗ. ಆದ್ದರಿಂದ ಮೊದಲ ಒಂದು ದಿನ ಎಲ್ಲಿರುತ್ತಾರೆ ಎಂಬುದೇ ನಿರ್ಣಾಯಕ. ಸುಮಾರು 6 ಸೆಂ.ಮೀ. ಕಾಂಕ್ರೀಟ್ ಬೂದಿಯ ಗಾಮಾ ಕಿರಣವನ್ನು ಅರ್ಧಕ್ಕೆ ಇಳಿಸುತ್ತದೆ. ಎರಡು ಮೂರು ತಾರಸಿಗಳಡಿಯಲ್ಲಿ ಕುಳಿತವರಿಗೆ ತಲುಪುವುದು ಅಲ್ಪ. ಮೂರಂತಸ್ತಿನ ಮನೆಯ ನೆಲಮಹಡಿಯಲ್ಲಿ ನಾಲ್ಕು ಕಡೆಯೂ ಕೋಣೆಗಳಿಂದ ಸುತ್ತುವರಿದ ದೇವರಮನೆ ಅಥವಾ ಉಗ್ರಾಣ ಒಳ್ಳೆಯ ಜಾಗ. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಕಾರು ನಿಲ್ಲಿಸಲು ಸುತ್ತಲೂ ತೆರೆದಿಟ್ಟ ಕಂಬಗಳ ನೆಲಮಹಡಿ ಅಲ್ಲ. ಮೆಟ್ರೊ ಸುರಂಗ ನೆನಪಾಗುವುದು ಸಹಜ, ಆದರೆ ನೇರಳೆ ಮಾರ್ಗ ಮಾಗಡಿ ರಸ್ತೆ ನಿಲ್ದಾಣಕ್ಕೆ ಬರುವ ಮೊದಲೇ ನೆಲದಿಂದ ಮೇಲೇಳುತ್ತದೆ. ಅಲ್ಲಿಂದ ಕೆಂಗೇರಿಯವರೆಗೆ ಎಲ್ಲವೂ ಎತ್ತರದ ನಿಲ್ದಾಣ. ರಾಜಾಜಿನಗರದ ಹಸಿರು ಮಾರ್ಗವೂ ಹಾಗೆಯೇ. ಸುರಂಗವಿರುವುದು ಮೆಜೆಸ್ಟಿಕ್ ಸುತ್ತ, ಅಂದರೆ ಹೊಡೆತ ಬೀಳುವ ಜಾಗದಲ್ಲಿ.

ಬೂದಿ ಮೈಮೇಲೆ ಬಿದ್ದಿದ್ದರೆ ಮೇಲುಡುಪು ಬಿಚ್ಚಿ ಹೊರಗಿಟ್ಟರೇ ಹೆಚ್ಚಿನ ಪಾಲು ಹೋಗುತ್ತದೆ. ಉಳಿದದ್ದಕ್ಕೆ ಸೋಪು, ನೀರು. ಅಯೋಡಿನ್ ಮಾತ್ರೆ ಕಾಯುವುದು ಥೈರಾಯ್ಡ್ ಗ್ರಂಥಿಯೊಂದನ್ನೇ. ಅದು ವಿಕಿರಣಕ್ಕೆ ಸರ್ವೌಷಧ ಎಂಬ ನಂಬಿಕೆಗೆ ಆಧಾರವಿಲ್ಲ.

ಹೊಡೆತದಿಂದ ಪಾರಾದ ಪಶ್ಚಿಮ ಬೆಂಗಳೂರಿನ ನಿಜವಾದ ಕಷ್ಟ ಎರಡನೆಯ ದಿನ ಶುರುವಾಗುತ್ತದೆ. ಕಾವೇರಿ ನೀರು ಈ ಊರಿಗೆ ಹರಿದು ಬರುವುದಿಲ್ಲ, ಹತ್ತಿ ಬರುತ್ತದೆ. ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲಲ್ಲಿ, ಸುಮಾರು ಅರ್ಧ ಕಿ.ಮೀ. ಎತ್ತರಕ್ಕೆ ಪಂಪು ಅದನ್ನು ಎತ್ತಬೇಕು. ವಿದ್ಯುತ್ ಜಾಲ ಬಿದ್ದರೆ ಪಂಪಿಲ್ಲ, ಬೋರ್‌ವೆಲ್ಲೂ ಇಲ್ಲ. ಉಳಿಯುವುದು ಮನೆಯಂಗಳದ ಸಂಪು. ಮುಚ್ಚಳ ಭದ್ರವಾಗಿದ್ದ ಸಂಪಿನ ನೀರಿಗೆ ಬೂದಿ ಸೇರುವುದಿಲ್ಲ. ಬೆಂಗಳೂರಿನವರು ನೀರಿನ ಬವಣೆಗಾಗಿ ತೋಡಿಸಿಕೊಂಡ ಈ ತೊಟ್ಟಿ ಕೆಲವು ದಿನ ಜೀವ ಹಿಡಿದಿಡಬಲ್ಲದು.

ಆಸ್ಪತ್ರೆಗಳ ಸ್ಥಿತಿ ಇನ್ನೂ ಕಠಿಣ. ಸುಟ್ಟಗಾಯದ ಚಿಕಿತ್ಸೆಗೆ ಬಡವರು ನೆಚ್ಚಿಕೊಂಡಿರುವ ವಿಕ್ಟೋರಿಯಾ ಆಸ್ಪತ್ರೆ ಮೆಜೆಸ್ಟಿಕ್‌ನಿಂದ ಒಂದೂವರೆ ಕಿ.ಮೀ., ಮಲ್ಲೇಶ್ವರದ ಕೆ.ಸಿ. ಜನರಲ್ ಸುಮಾರು ಎರಡು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಂತಿದ್ದರೂ ಗಾಜಿಲ್ಲದ, ಕರೆಂಟಿಲ್ಲದ ಕಟ್ಟಡವಾಗಿರುತ್ತದೆ. ಹಿರೋಶಿಮಾದಲ್ಲಿ ವೈದ್ಯರು, ದಾದಿಯರಲ್ಲಿ ಶೇ. 90ರಷ್ಟು ಜನ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಮೈಯ ಮೂರನೇ ಒಂದು ಭಾಗ ಸುಟ್ಟ ಒಬ್ಬ ರೋಗಿಯನ್ನು ಉಳಿಸಲು ಸುಸಜ್ಜಿತ ಆಸ್ಪತ್ರೆಯೂ ವಾರಗಟ್ಟಲೆ ಹೆಣಗುತ್ತದೆ. ಅಂಥವರು ಒಂದೇ ಬೆಳಿಗ್ಗೆ ಸಾವಿರಗಟ್ಟಲೆ ಬಂದಾಗ ಉಳಿಯುವ ಕೆಲಸ ಯಾರನ್ನು ಬಿಡುವುದು ಎಂದು ಆರಿಸುವುದು ಮಾತ್ರ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಅಣು ಮತ್ತು ವಿಕಿರಣ ತುರ್ತುಸ್ಥಿತಿಗಾಗಿ ಮಾರ್ಗಸೂಚಿ ಹೊರಡಿಸಿದೆ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಸಲು ಕೇಂದ್ರ ಗೃಹ ಸಚಿವಾಲಯ ಸೂಚಿಸಿದಾಗ ಕರ್ನಾಟಕದಿಂದ ಬೆಂಗಳೂರು, ಕಾರವಾರ, ರಾಯಚೂರು ಪಟ್ಟಿಯಲ್ಲಿದ್ದವು. ಸೈರನ್ ಕೂಗಿತು, ಜನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು.

ವಿಕಿರಣ ತಾಗಿದವರ ಕಾಯಿಲೆ ಮೋಸದ್ದು. ಮೊದಲು ವಾಂತಿ, ಆಮೇಲೆ ಗುಣವಾದಂತೆ ಕೆಲವು ದಿನ, ಅನಂತರ ಕೂದಲು ಉದುರುವುದು, ಒಸಡಿನಲ್ಲಿ ರಕ್ತ, ಸೋಂಕು. ಸುಮಾರು 4 ಗ್ರೇ (ಮೈ ಹೀರಿದ ವಿಕಿರಣ ಅಳೆಯುವ ಮಾನ) ವಿಕಿರಣ ಹೊಕ್ಕವರಲ್ಲಿ ಅರ್ಧದಷ್ಟು ಜನ ಚಿಕಿತ್ಸೆ ಸಿಗದಿದ್ದರೆ ಎರಡು ತಿಂಗಳೊಳಗೆ ಸಾಯುತ್ತಾರೆ. ಹಿರೋಶಿಮಾದಲ್ಲಿ 1945ರ ಕೊನೆಗೆ ಸತ್ತವರು ಸುಮಾರು 1.4 ಲಕ್ಷ. ಅಲ್ಲಿ ಮತ್ತು ನಾಗಸಾಕಿಯಲ್ಲಿ ಬದುಕಿದವರನ್ನು ದಶಕಗಳ ಕಾಲ ಗಮನಿಸಿದಾಗ ಮೊದಲ ಹತ್ತು ವರ್ಷದೊಳಗೆ ರಕ್ತದ ಕ್ಯಾನ್ಸರ್, ಆಮೇಲೆ ಇತರ ಕ್ಯಾನ್ಸರ್‌ಗಳು ಹೆಚ್ಚಿದ್ದು ಕಂಡಿತು. ಅವರ ಮಕ್ಕಳಲ್ಲಿ ವಂಶವಾಹಿ ದೋಷ ಹೆಚ್ಚಿದ್ದು ಮಾತ್ರ ಕಂಡುಬಂದಿಲ್ಲ. ಈ ಸಂಗತಿ ತಿಳಿಯದೆ ಆ ಮಕ್ಕಳಿಗೆ ಹೆಣ್ಣು ಗಂಡು ಸಿಗುವುದೇ ಕಷ್ಟವಾಗಿತ್ತು.

ಒಂದು ಬಾಂಬು ಒಂದಕ್ಕೇ ನಿಲ್ಲುವುದು ಅನುಮಾನ. ಭಾರತ, ಪಾಕಿಸ್ತಾನ ತಲಾ 50 ಹಿರೋಶಿಮಾ ಗಾತ್ರದ ಬಾಂಬು ಹಾಕಿಕೊಂಡರೆ ಉರಿಯುವ ನಗರಗಳ 50 ಲಕ್ಷ ಟನ್ ಮಸಿ ಆಕಾಶ ಸೇರಿ, ಭೂಮಿಯ ಸರಾಸರಿ ಉಷ್ಣತೆಯನ್ನು ಒಂದೂಕಾಲು ಡಿಗ್ರಿಯಷ್ಟು ಇಳಿಸೀತು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅದರಿಂದ ಕುಂದುವುದು ಮಳೆ, ಮಳೆಯ ಹಿಂದೆ ಬೆಳೆ.

ಮತ್ತೆ ಬೆಂಗಳೂರಿಗೆ ಬಂದರೆ, ಬೂದಿಯಲ್ಲಿರುವ ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತಾ ಎರಡು ಮೂರು ತಿಂಗಳಲ್ಲಿ ನಗಣ್ಯವಾಗುತ್ತದೆ. ಅಷ್ಟರೊಳಗೆ ಅದು ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತದೆ. ಅಪಾಯ ಹೆಚ್ಚು ಮಕ್ಕಳಿಗೆ. ಸೀಸಿಯಂ-137ಕ್ಕೆ ಅರ್ಧವಾಗಲು 30 ವರ್ಷ ಬೇಕು. ಅದು ಜೇಡಿಮಣ್ಣಿಗೆ ಅಂಟಿಕೊಂಡು, ಮಣ್ಣು ಹೋದಲ್ಲಿಗೆ ಹೋಗುತ್ತದೆ. ಪಶ್ಚಿಮ ಬೆಂಗಳೂರಿನ ಮಣ್ಣು ಮಳೆಗಾಲದಲ್ಲಿ ಹೋಗುವ ದಾರಿ ಒಂದೇ: ರಾಜಕಾಲುವೆಗಳಿಂದ ವೃಷಭಾವತಿಗೆ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿಯ ಬಳಿಯ ಬೈರಮಂಗಲ ಕೆರೆಗೆ. ಕೆರೆಯ ಹೂಳಿನಲ್ಲಿ ಒಂದಷ್ಟು ತಂಗುತ್ತದೆ. ಅಲ್ಲಿನ ರೈತರು ಆ ನೀರಿನಿಂದಲೇ ಮೇವು, ತರಕಾರಿ ಬೆಳೆಯುತ್ತಾರೆ. ಉಳಿದದ್ದು ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೆಂಗಳೂರು ತನಗಾಗಿ ಕಾವೇರಿಯನ್ನು ಎತ್ತಿಕೊಳ್ಳುವುದು ಸಂಗಮಕ್ಕಿಂತ ಮೇಲೆ. ಕೆಳಗಿರುವುದು ಹೊಗೇನಕಲ್, ಮೆಟ್ಟೂರು.