ಮನೆಯ ತೊಟ್ಟಿಯಲ್ಲಿ ಘಟ್ಟದ ಪಟ್ಟೆಮೀನು

ಅಕ್ವೇರಿಯಂ ಅಂಗಡಿಯಲ್ಲಿ ದಕ್ಷಿಣ ಅಮೆರಿಕದ ಗಪ್ಪಿ, ಟೆಟ್ರಾಗಳಿಗೆ ಬೇಡಿಕೆ ಹೆಚ್ಚು. ಪಕ್ಕದಲ್ಲೇ ಇರುವ ‘ಮೆಲನ್ ಬಾರ್ಬ್’ ನಮ್ಮ ಪಶ್ಚಿಮ ಘಟ್ಟದ ಹಳ್ಳಗಳದ್ದೆಂದು ಗೊತ್ತಿರುವವರು ಕಡಿಮೆ. ಸುಮಾರು ಆರು ಸೆಂ.ಮೀ. ಉದ್ದ, ಕೆಂಪು ಛಾಯೆಯ ಮೈಮೇಲೆ ಬೆನ್ನಿನಿಂದ ಹೊಟ್ಟೆಯತ್ತ ಇಳಿಯುವ ದಪ್ಪ ಕಪ್ಪು ಪಟ್ಟೆಗಳು. 1849ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಥಾಮಸ್ ಜೆರ್ಡನ್. ಇಂದಿನ ವೈಜ್ಞಾನಿಕ ಹೆಸರು ಹಲುದಾರಿಯಾ ಫ್ಯಾಸಿಯೇಟಾ. ಫ್ರಾನ್ಸಿಸ್ ಹ್ಯಾಮಿಲ್ಟನ್ ಅವರ 1822ರ ಗಂಗಾ ಮೀನುಗಳ ಗ್ರಂಥಕ್ಕೆ ಚಿತ್ರ ಬರೆದ ಬಂಗಾಳಿ ಯುವಕ ಹಲುದಾರನಿಗೆ ಆ ಮೂಲಕ ತಡವಾಗಿಯಾದರೂ ಗೌರವ ಸಂದಿದೆ.

ಯಾರ ತಂಟೆಗೂ ಹೋಗದ ಮೀನಿದು. ಆದರೆ ಒಂಟಿಯಾಗಿಟ್ಟರೆ ಅಂಜಿ ಮೂಲೆ ಸೇರುತ್ತದೆ. ಎಂಟು ಹತ್ತನ್ನಾದರೂ ಒಟ್ಟಿಗೆ ಸಾಕಬೇಕು. ನೀರು 22ರಿಂದ 26 ಡಿಗ್ರಿ ಇದ್ದರೆ ಸಾಕು, ಮೈಸೂರು, ಬೆಂಗಳೂರಿನಲ್ಲಿ ಹೀಟರ್ ಬೇಕಾಗುವುದೇ ಅಪರೂಪ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಶುದ್ಧ ಮಳೆನೀರು ಬೆರೆಸಿಕೊಳ್ಳಬಹುದು.

ಮರಿ ಮಾಡಿಸುವುದರಲ್ಲೇ ನಿಜವಾದ ಖುಷಿ. ಗಂಡಿನ ಕೆಂಪು ಗಾಢವಾಗಿ, ಹೆಣ್ಣಿನ ಹೊಟ್ಟೆ ತುಂಬಿಕೊಂಡಾಗ ಒಂದು ಜೋಡಿಯನ್ನು ಸಂಜೆ ಬೇರೆ ತೊಟ್ಟಿಗೆ ಬಿಡಬೇಕು. ಮಂದ ಬೆಳಕು, ತಳದಲ್ಲಿ ದಟ್ಟ ಜಾವಾ ಮಾಸ್, ಸದ್ದಿಲ್ಲದ ಸ್ಪಂಜ್ ಫಿಲ್ಟರ್ ಇರಲಿ. ಹೆಚ್ಚಾಗಿ ಬೆಳಗಿನ ಹೊತ್ತು ಗಂಡು ಹೆಣ್ಣಿನ ಬೆನ್ನು ಬಿಡದೆ ಈಜುತ್ತದೆ, ಪಕ್ಕೆಗೆ ಮೂತಿ ಒತ್ತುತ್ತದೆ. ಎರಡೂ ಪಾಚಿಯೊಳಗೆ ನುಗ್ಗಿ, ಅರೆಕ್ಷಣ ಮೈಗೆ ಮೈ ತಾಗಿಸಿ ನಡುಗಿದಾಗ ಸಣ್ಣ ಮೊಟ್ಟೆಗಳು ಚೆದುರುತ್ತವೆ. ಇಟ್ಟ ಮೊಟ್ಟೆಯನ್ನೇ ತಿನ್ನುವ ಅಪ್ಪ ಅಮ್ಮ ಇವು, ತಕ್ಷಣ ಬಲೆ ಹಾಕಿ ಎತ್ತಬೇಕು.

ಒಂದೆರಡು ದಿನದಲ್ಲಿ ಮೊಟ್ಟೆಯೊಡೆದ ಮರಿಗಳು ಗಾಜಿಗೋ ಪಾಚಿಗೋ ಅಂಟಿಕೊಂಡಿರುತ್ತವೆ. ಹೊಟ್ಟೆಗಂಟಿದ ಹಳದಿಯ ಚೀಲ ಕರಗುವವರೆಗೆ ಏನೂ ಹಾಕಬಾರದು. ಈಜತೊಡಗಿದ ಮೇಲೆ ಇನ್ಫ್ಯುಸೋರಿಯಾ ಎಂಬ ಸೂಕ್ಷ್ಮಜೀವಿಗಳು, ಬಾಯಿ ಹಿಗ್ಗಿದ ಮೇಲೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮರಿ. ಚಿಟಿಕೆ ಹೆಚ್ಚಾದರೂ ನೀರು ಕೆಟ್ಟು ರಾತ್ರಿಯೊಳಗೆ ಅಷ್ಟೂ ಸಾಯಬಹುದು. ಬೆಳೆಯುವ ಮರಿಗಿಂತ ನೀರಿನ ಮೇಲೆಯೇ ಹೆಚ್ಚು ಕಣ್ಣಿಡಬೇಕಾದ ದಿನಗಳಿವು.

ಇಷ್ಟು ಸುಲಭವಾಗಿ ಮನೆಯಲ್ಲೇ ಮರಿ ಮಾಡುವ ಮೀನನ್ನು ಹಳ್ಳದಿಂದ ಬಾಚಿ ತರುವ ಅಗತ್ಯವೇ ಇಲ್ಲ. ಕೊಳ್ಳುವಾಗ ತೊಟ್ಟಿಯಲ್ಲಿ ಹುಟ್ಟಿದ್ದೋ, ಹಿಡಿದು ತಂದದ್ದೋ ಎಂದು ಅಂಗಡಿಯವರನ್ನು ಕೇಳಿ. ಮರಿ ಹೆಚ್ಚಾದರೆ ಇನ್ನೊಬ್ಬ ಸಾಕುವವರಿಗೆ ಕೊಡಿ. ಘಟ್ಟದ ಮೀನೇ ಆದರೂ ಹೊಳೆ, ಕೆರೆಗೆ ಮಾತ್ರ ಬಿಡಬೇಡಿ. ತೊಟ್ಟಿಯ ರೋಗ ಅದರೊಂದಿಗೇ ಅಲ್ಲಿಗೆ ಇಳಿಯುತ್ತದೆ.